ಹಾಳೆಯಲ್ಲಿ ಎರಡು ಕಡೆ 7,500: ಹೊಸ ಪ್ಲಗ್-ಇನ್ ಕಾರೊಂದು ಸ್ಟಿಕರ್ ಬೆಲೆಗೆ ಸಿಕ್ಕಿದ ಪ್ರಕರಣ

2020ರ ಅಕ್ಟೋಬರ್‌ನಲ್ಲಿ ಅಕ್ಕ ನನಗೆ ವಾಟ್ಸಾಪ್‌ನಲ್ಲಿ ಒಂದು ಹಾಳೆಯ ಫೋಟೋ ಕಳಿಸಿದಳು. ಮನೆ ಹತ್ತಿರದ ಕಾರ್ ಡೀಲರ್ ಕೊಟ್ಟ ಬೆಲೆಪಟ್ಟಿ. ಅದರಲ್ಲಿ 7,500 ಡಾಲರ್ ಅನ್ನುವ ಅಂಕಿ ಎರಡು ಕಡೆ ಇತ್ತು. ಮೇಲೆ, ಪ್ಲಸ್ ಗುರುತಿನ ಜೊತೆ, 'ಮಾರ್ಕೆಟ್ ಅಡ್ಜಸ್ಟ್‌ಮೆಂಟ್' ಅಂತ ಟೈಪ್ ಆಗಿತ್ತು, ಅಂದರೆ ಬೇಡಿಕೆ ನೋಡಿ ಡೀಲರ್ ತಾನೇ ಮೇಲೆ ಸೇರಿಸುವ ದುಡ್ಡು. ಕೆಳಗೆ, ಮೈನಸ್ ಗುರುತಿನ ಜೊತೆ, 'ಫೆಡರಲ್ ಟ್ಯಾಕ್ಸ್ ಕ್ರೆಡಿಟ್' ಅಂತ ಪೆನ್ನಿನಲ್ಲಿ ಬರೆದಿತ್ತು, ಅಂದರೆ ಇಂಥ ಕಾರು ಕೊಂಡವರಿಗೆ ಅಮೆರಿಕದ ಕೇಂದ್ರ ಸರ್ಕಾರ ತೆರಿಗೆಯಲ್ಲಿ ಬಿಡುತ್ತಿದ್ದ ದುಡ್ಡು. ಕೂಡಿ ಕಳೆದರೆ ಸೊನ್ನೆ. "ನಿಮ್ಮ ಜೇಬಿನಿಂದ ಏನೂ ಹೋಗಲ್ಲ" ಅಂತ ಸೇಲ್ಸ್‌ಮನ್ ಹೇಳಿದನಂತೆ. ಅಕ್ಕನಿಗೆ ಅದು ಸರಿ ಅನ್ನಿಸಿತ್ತು. ಸುಳ್ಳು ಯಾಕೆ, ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಭಾವ ಮಾತ್ರ ಬೇರೆ ಪ್ರಶ್ನೆ ಕೇಳಿದರು. "ಸರ್ಕಾರ ನಮಗೆ ಕೊಡೋ ದುಡ್ಡನ್ನ ಇವನು ಯಾಕೆ ಲೆಕ್ಕಕ್ಕೆ ಹಿಡಿದಿದ್ದಾನೆ?"

ಮುಂದಿನ ಮೂರು ತಿಂಗಳು ನಡೆದದ್ದೆಲ್ಲ ಈ ಪ್ರಶ್ನೆಯ ಬೆನ್ನು ಹಿಡಿದೇ ನಡೆಯಿತು. ಡೀಲರ್‌ಗಳ ಹೆಸರು ಇಲ್ಲಿ ಬೇಡ. ಕಾರಿನ ಹೆಸರು ಹೇಳದೆ ಕಥೆ ಅರ್ಥವಾಗಲ್ಲ, ಹಾಗಾಗಿ ಅದನ್ನು ಹೇಳುತ್ತೇನೆ.

ಮನೆ, ದಾರಿ, ಕಾರು

ಅಕ್ಕ-ಭಾವ ಇರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅಕ್ಕನ ಲ್ಯಾಬ್ ರೆಡ್‌ವುಡ್ ಸಿಟಿಯಲ್ಲಿ. ಡಂಬಾರ್ಟನ್ ಸೇತುವೆ ದಾಟಿ ಹೋಗಿ ಬರಲು ಸುಮಾರು 35 ಮೈಲಿ. ಕೋವಿಡ್ ಕಾಲದಲ್ಲಿ ನಾವೆಲ್ಲ ಮನೆಯಲ್ಲೇ ಕೂತಿದ್ದರೂ ಲ್ಯಾಬ್ ಕೆಲಸದವಳಾದ ಅವಳು ದಿನಾ ಹೋಗಲೇಬೇಕಿತ್ತು. ಸೆಪ್ಟೆಂಬರ್‌ನಲ್ಲಿ ಅವರ ಹಳೆಯ ಸೆಡಾನ್‌ನ ಗೇರ್‌ಬಾಕ್ಸ್ ಕೈ ಕೊಟ್ಟಿತು. ರಿಪೇರಿಗೆ ಮೆಕ್ಯಾನಿಕ್ ಹೇಳಿದ ದುಡ್ಡು ಕಾರಿನ ಬೆಲೆಗಿಂತ ಜಾಸ್ತಿ ಇತ್ತು.

ಆ ಬೇಸಿಗೆಯಲ್ಲಷ್ಟೇ ಟೊಯೊಟಾ ರಾವ್4 ಪ್ರೈಮ್ ಮಾರುಕಟ್ಟೆಗೆ ಬಂದಿತ್ತು. 2019ರ ನವೆಂಬರ್‌ನಲ್ಲಿ ಲಾಸ್ ಏಂಜಲೀಸ್ ಆಟೋ ಶೋದಲ್ಲಿ ತೋರಿಸಿದ ಗಾಡಿ. ಪ್ಲಗ್-ಇನ್ ಹೈಬ್ರಿಡ್, 18.1 ಕಿಲೋವ್ಯಾಟ್-ಅವರ್ ಬ್ಯಾಟರಿ. ಪೂರ್ತಿ ಚಾರ್ಜ್ ಇದ್ದರೆ 42 ಮೈಲಿ ಬರೀ ಕರೆಂಟಿನಲ್ಲಿ ಓಡುತ್ತದೆ, ಆಮೇಲೆ ಮಾಮೂಲಿ ಹೈಬ್ರಿಡ್‌ನಂತೆ ಪೆಟ್ರೋಲ್. ಅಕ್ಕನ 35 ಮೈಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಗರಾಜಿನಲ್ಲಿರುವ ಸಾದಾ 120 ವೋಲ್ಟ್ ಪ್ಲಗ್‌ನಿಂದ ಚಾರ್ಜ್ ಆಗಲು ಸುಮಾರು 12 ಗಂಟೆ. ಸಂಜೆ ಚುಚ್ಚಿದರೆ ಬೆಳಿಗ್ಗೆ ರೆಡಿ. 302 ಅಶ್ವಶಕ್ತಿ ಅನ್ನುವುದು ಭಾವನ ಕಣ್ಣಿಗೆ ಬಿದ್ದ ಅಂಕಿ, ಅಕ್ಕನಿಗೆ ಅದರಿಂದ ಏನೂ ಆಗಬೇಕಿರಲಿಲ್ಲ.

ತೊಂದರೆ ಇದ್ದದ್ದು ಒಂದೇ. ಮೊದಲ ವರ್ಷ ಇಡೀ ಅಮೆರಿಕಕ್ಕೆ ಸುಮಾರು 5,000 ಗಾಡಿ ಮಾತ್ರ ಬರುತ್ತವೆ ಅಂತ ಕಂಪನಿಯೇ ಹೇಳಿತ್ತು. ಆ ದೇಶದಲ್ಲಿ ಟೊಯೊಟಾ ಡೀಲರ್‌ಗಳೇ 1,200ಕ್ಕಿಂತ ಜಾಸ್ತಿ. ಸಮನಾಗಿ ಹಂಚಿದರೂ ಒಬ್ಬೊಬ್ಬರಿಗೆ ನಾಲ್ಕು. ಸಮನಾಗಿ ಹಂಚುವುದೂ ಇಲ್ಲ.

ಇನ್ನೊಂದು ವಿಷಯ ನಮಗೆ ಆಗ ಗೊತ್ತಿರಲಿಲ್ಲ. ಬಣ್ಣ, ಮಾಡೆಲ್ ಹೇಳಿ ಫ್ಯಾಕ್ಟರಿಗೆ ಆರ್ಡರ್ ಹಾಕುವ ಪದ್ಧತಿ ಅಲ್ಲಿ ಟೊಯೊಟಾದಲ್ಲಿ ಇಲ್ಲ. ಡೀಲರ್‌ಗೆ ಎಷ್ಟು ಗಾಡಿ ಅನ್ನುವುದು ಹಂಚಿಕೆಯಲ್ಲಿ ಬರುತ್ತದೆ. ಬಂದದ್ದರಲ್ಲಿ ಆರಿಸಬೇಕು. "ನಿಮಗಾಗಿ ಆರ್ಡರ್ ಹಾಕ್ತೀನಿ" ಅಂತ ಯಾರಾದರೂ ಅಂದರೆ ಅದರ ಅರ್ಥ "ಮುಂದಿನ ಹಂಚಿಕೆಯಲ್ಲಿ ನಿಮಗೆ ಹೊಂದುವುದು ಬರಲಿ ಅಂತ ಕಾಯ್ತೀನಿ" ಅಂತ ಅಷ್ಟೇ.

ಯಾವುದು ನ್ಯಾಯದ ಬೆಲೆ?

ಇದರ ಮೇಲೆ ಮನೆಯಲ್ಲೇ ಜಗಳ. ಭಾವ ಹಿಂದೆ ಒಂದು ಕ್ಯಾಮ್ರಿ ಕೊಂಡಾಗ ನಾಲ್ಕು ಡೀಲರ್‌ಗಳನ್ನು ಒಬ್ಬರ ಮೇಲೊಬ್ಬರನ್ನು ಎತ್ತಿ ಕಟ್ಟಿ, ಇನ್‌ವಾಯ್ಸ್‌ಗಿಂತ ಕಡಿಮೆಗೆ ಇಳಿಸಿದ್ದರು. ಇನ್‌ವಾಯ್ಸ್ ಅಂದರೆ ಡೀಲರ್ ಕಂಪನಿಗೆ ಕೊಡುವ ಬೆಲೆ, ಕಾಗದದ ಮೇಲಾದರೂ. ಈ ಸಲವೂ ಅದೇ ಆಟ ಆಡುತ್ತೇನೆ ಅಂತ ಹೊರಟರು. ಅಕ್ಕನದು ಇನ್ನೊಂದು ತುದಿ. "ರೀ, ನನಗೆ ಸೋಮವಾರ ಕೆಲಸಕ್ಕೆ ಹೋಗಬೇಕು. ಕೇಳಿದಷ್ಟು ಕೊಟ್ಟು ತಗೊಂಡು ಬನ್ನಿ."

ನನ್ನ ಅಭಿಪ್ರಾಯ ಕೇಳಿದರು. ಕ್ಯಾಮ್ರಿ ಡೀಲರ್ ಅಂಗಳದಲ್ಲಿ ಸಾಲಾಗಿ ನಿಂತಿರುತ್ತದೆ, ನಿಂತಷ್ಟು ದಿನ ಡೀಲರ್‌ಗೆ ಬಡ್ಡಿ ಸುಡುತ್ತದೆ. ಆಗ ಚೌಕಾಸಿಗೆ ಅರ್ಥವಿದೆ. ಲಾರಿಯಿಂದ ಇಳಿಯುವ ಮೊದಲೇ ಮೂರು ಜನ ಕಾಯುತ್ತಿರುವ ಗಾಡಿಗೆ ರಿಯಾಯಿತಿ ಕೇಳುವುದು ಸುಮ್ನೆ ಗಾಳಿಗೆ ಗುದ್ದಿದ ಹಾಗೆ. ಹಾಗಂತ ಕೇಳಿದಷ್ಟು ಕೊಡಬೇಕಾಗಿಯೂ ಇಲ್ಲ. ಕೊನೆಗೆ ಒಂದು ಗೆರೆ ಎಳೆದುಕೊಂಡೆವು: ಸ್ಟಿಕರ್ ಬೆಲೆ. ಅದಕ್ಕಿಂತ ಒಂದು ಡಾಲರ್ ಜಾಸ್ತಿ ಇಲ್ಲ, ಕಡಿಮೆಯನ್ನೂ ಕೇಳುವುದಿಲ್ಲ.

ಸ್ಟಿಕರ್ ಅಂದರೆ ಹೊಸ ಕಾರಿನ ಕಿಟಕಿಗೆ ಅಂಟಿಸಿರುವ ಚೀಟಿ. 1958ರ ಕಾನೂನಿನಿಂದ ಅದು ಕಡ್ಡಾಯವಾಯಿತು. ಅದನ್ನು ತಂದ ಒಕ್ಲಹೋಮಾದ ಸೆನೆಟರ್ ಮೈಕ್ ಮನ್ರೋನಿ ಹೆಸರಿನಲ್ಲೇ ಇವತ್ತಿಗೂ ಮನ್ರೋನಿ ಸ್ಟಿಕರ್ ಅಂತ ಕರೆಯುತ್ತಾರೆ. ಮೂಲ ಬೆಲೆ, ಫ್ಯಾಕ್ಟರಿಯಲ್ಲಿ ಹಾಕಿದ ಒಂದೊಂದು ವಸ್ತುವಿನ ಬೆಲೆ, ಸಾಗಣೆ ಖರ್ಚು ಎಲ್ಲ ಅದರಲ್ಲಿರಬೇಕು. ಗಿರಾಕಿಯ ಕೈಗೆ ಗಾಡಿ ಹೋಗುವ ಮೊದಲು ಅದನ್ನು ಕಿತ್ತರೆ ಅಪರಾಧ. ಆದರೆ ಅದೇ ಬೆಲೆಗೆ ಮಾರಬೇಕು ಅಂತ ಆ ಕಾನೂನು ಎಲ್ಲೂ ಹೇಳುವುದಿಲ್ಲ. ಅದು ಕಂಪನಿ 'ಸೂಚಿಸುವ' ಬೆಲೆ. ಕಾರು ಒಮ್ಮೆ ಡೀಲರ್ ಕೈಗೆ ಬಂದರೆ ಅದು ಅವನ ಸ್ವತ್ತು, ಬೆಲೆ ಅವನಿಷ್ಟ. ಕಂಪನಿ ಹೆಚ್ಚೆಂದರೆ ಬುದ್ಧಿ ಹೇಳಬಹುದು.

ಇದು ಹೊಸ ಕಥೆಯೂ ಅಲ್ಲ. 2010ರ ಕೊನೆಯಲ್ಲಿ ಷೆವರ್ಲೆ ವೋಲ್ಟ್ ಬಂದಾಗ ಅದರ ಸೂಚಿತ ಬೆಲೆ 41,000 ಡಾಲರ್. ಕೆಲವು ಡೀಲರ್‌ಗಳು ಅದರ ಮೇಲೆ 20,000 ಡಾಲರ್‌ವರೆಗೆ ಕೇಳಿದ್ದು ಸುದ್ದಿಯಾಗಿತ್ತು. ಹಾಗೆ ಮಾಡಬೇಡಿ ಅಂತ ಕೇಳಿಕೊಳ್ಳುವುದು ಬಿಟ್ಟರೆ ಜನರಲ್ ಮೋಟಾರ್ಸ್‌ಗೆ ದಾರಿ ಇರಲಿಲ್ಲ. ಮೂರು ವರ್ಷ ತುಂಬುವ ಮೊದಲೇ, 2013ರ ಆಗಸ್ಟ್‌ನಲ್ಲಿ, ಅದೇ ಕಾರಿನ ಬೆಲೆಯನ್ನು ಕಂಪನಿಯೇ 5,000 ಇಳಿಸಿತು. ಮೊದಲ ತಿಂಗಳಲ್ಲಿ ಮೇಲೆ ಕೊಟ್ಟವರ ಹೊಟ್ಟೆ ಎಷ್ಟು ಉರಿದಿರಬಹುದು!

ಮೊದಲ ಹಾಳೆಯನ್ನು ಬಿಡಿಸಿ ನೋಡಿದಾಗ

ಗಾಡಿ ಎಸ್‌ಇ ಮಾಡೆಲ್. ಮೂಲ ಬೆಲೆ 38,100, ಸಾಗಣೆ 1,120. ಮ್ಯಾಟ್ ಅದೂ ಇದೂ ಸೇರಿ ಸ್ಟಿಕರ್ ಹತ್ತಿರ ಹತ್ತಿರ 39,600. ಅದರ ಮೇಲೆ ಡೀಲರ್ ಹಾಕಿದ್ದು 7,500 ಮಾರ್ಕೆಟ್ ಅಡ್ಜಸ್ಟ್‌ಮೆಂಟ್. ಸಾಲದ್ದಕ್ಕೆ 1,995ರ 'ಪ್ರೊಟೆಕ್ಷನ್ ಪ್ಯಾಕೇಜ್'. ಅದರಲ್ಲಿ ಬಾಗಿಲ ಅಂಚಿಗೆ ಪ್ಲಾಸ್ಟಿಕ್, ಗಾಜಿನ ಮೇಲೆ ನಂಬರ್ ಕೆತ್ತಿಸುವುದು, ಟೈರಿಗೆ ನೈಟ್ರೋಜನ್. ನಾವು ಉಸಿರಾಡುವ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ, ಅಲ್ವಾ? ಉಳಿದ 22 ಭಾಗಕ್ಕೆ ಇಷ್ಟು ದುಡ್ಡಾ ಅಂತ ಭಾವ ರೇಗಿದರು.

ಈ ಎರಡೂ ಸೇರಿದರೆ 9,495. ಅಲ್ಲಿಗೆ ಮುಗಿಯಲಿಲ್ಲ. ಫ್ರೀಮಾಂಟ್‌ನಲ್ಲಿ ಆಗ ಮಾರಾಟ ತೆರಿಗೆ ನೂರಕ್ಕೆ 9.25. ಮೇಲಿನ ದುಡ್ಡಿಗೂ ತೆರಿಗೆ ಬೀಳುತ್ತದೆ, ಅದು ಇನ್ನೊಂದು 878. ಕ್ಯಾಲಿಫೋರ್ನಿಯಾದಲ್ಲಿ ನೋಂದಣಿ ಶುಲ್ಕದ ಒಂದು ಭಾಗವೂ ಕಾರಿನ ಬೆಲೆಯ ಮೇಲೆ ನಿಲ್ಲುತ್ತದೆ, ಅಲ್ಲಿ ಅರವತ್ತು ಚಿಲ್ಲರೆ. ಅಂದರೆ ಸ್ಟಿಕರ್ ಬೆಲೆಗೆ ಕೊಂಡರೆ ಎಲ್ಲ ಸೇರಿ ಸುಮಾರು 43,900 ಆಗುವ ಗಾಡಿ ಈ ಹಾಳೆಯಲ್ಲಿ 54,300. ವ್ಯತ್ಯಾಸ 10,400 ಡಾಲರ್.

'ಜೇಬಿನಿಂದ ಏನೂ ಹೋಗಲ್ಲ' ಅಂದದ್ದು ಈ 10,400ಕ್ಕೆ.

ಈಗ ಆ ಮೈನಸ್ 7,500 ಬಗ್ಗೆ. ಪ್ಲಗ್-ಇನ್ ಕಾರಿಗೆ ಕೇಂದ್ರ ಸರ್ಕಾರದ ತೆರಿಗೆ ವಿನಾಯಿತಿ ಆಗ ಬ್ಯಾಟರಿಯ ಗಾತ್ರದ ಮೇಲೆ ನಿಂತಿತ್ತು. 2,500 ಡಾಲರ್‌ನಿಂದ ಶುರುವಾಗಿ, 16 ಕಿಲೋವ್ಯಾಟ್-ಅವರ್ ಮುಟ್ಟುವ ಹೊತ್ತಿಗೆ ಪೂರ್ತಿ 7,500 ಆಗುತ್ತಿತ್ತು. ಈ ಗಾಡಿಯದು 18.1, ಹಾಗಾಗಿ ಪೂರ್ತಿ. ಆದರೆ ಆಗ ಅದು ಡೀಲರ್ ಮೇಜಿನ ಮೇಲೆ ಕೈಗೆ ಬರುವ ದುಡ್ಡಾಗಿರಲಿಲ್ಲ. ಮುಂದಿನ ವರ್ಷ ತೆರಿಗೆ ರಿಟರ್ನ್ ಸಲ್ಲಿಸುವಾಗ 8936 ನಂಬರಿನ ಫಾರಂ ತುಂಬಬೇಕಿತ್ತು. ಆಗ ನಾವು ಕಟ್ಟಬೇಕಾದ ತೆರಿಗೆಯಲ್ಲಿ ಅಷ್ಟು ಇಳಿಯುತ್ತಿತ್ತು. ಇವತ್ತು ಡೀಲರ್‌ಗೆ ಕೊಡುವ 7,500ಕ್ಕೆ ಸಾಲದ ಬಡ್ಡಿಯೂ ಓಡುತ್ತದೆ.

ಒಂದು ತಪ್ಪು ನಮ್ಮದೇ ಇತ್ತು. ಮೊದಲ ಫೋನಿನಲ್ಲೇ ಅಕ್ಕ ಎರಡು ವಿಷಯ ಬಾಯಿ ಬಿಟ್ಟಿದ್ದಳು: ಹಳೆ ಕಾರು ಕೆಟ್ಟು ನಿಂತಿದೆ, ಮತ್ತು ನಮಗೆ ಪೂರ್ತಿ ಟ್ಯಾಕ್ಸ್ ಕ್ರೆಡಿಟ್ ಸಿಗುತ್ತೆ. ಸೇಲ್ಸ್‌ಮನ್‌ಗೆ ಇನ್ನೇನು ಬೇಕು? ಮೊದಲನೆಯದರಿಂದ ಅವಸರ ಗೊತ್ತಾಯಿತು, ಎರಡನೆಯದರಿಂದ ಎಷ್ಟು ಕೀಳಬಹುದು ಅಂತ ಗೊತ್ತಾಯಿತು.

ನನ್ನ ಹಳೆ ಕರೋಲಾ

ಅವಸರಕ್ಕೆ ಔಷಧ ನನ್ನ ಹತ್ತಿರವೇ ಇತ್ತು. ನಾನು ಮನೆಯಿಂದ ಕೆಲಸ ಮಾಡುತ್ತಿದ್ದೆ. ನನ್ನ ಕರೋಲಾ ರಸ್ತೆ ಬದಿಯಲ್ಲಿ ಎಲೆ ಹೊದ್ದು ಮಲಗಿತ್ತು. ತಗೊಂಡು ಹೋಗಿ ಅಂದೆ. ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ದುಡ್ಡು ಉಳಿಸಿದ್ದು ಯಾವ ಜಾಣ ಮಾತೂ ಅಲ್ಲ, ಆ ಗಾಡಿ. ಅಕ್ಕನಿಗೆ ಸೋಮವಾರದ ಚಿಂತೆ ಹೋಯಿತು. ಚಿಂತೆ ಹೋದ ಮೇಲೆ ಅವಳೇ ಭಾವನಿಗಿಂತ ಗಟ್ಟಿಯಾದಳು. (ಕರೋಲಾ ಬಂಪರ್ ಮೇಲೆ ಒಂದು ಗೀರು ಹೊತ್ತು ವಾಪಸ್ ಬಂತು. ಅದು ಮೊದಲೇ ಇತ್ತು ಅಂತ ಅವಳ ವಾದ.)

ಎರಡನೆಯ ಡೀಲರ್ ಫೋನಿನಲ್ಲಿ "ಸ್ಟಿಕರ್ ಬೆಲೆಗೇ ಕೊಡ್ತೀವಿ" ಅಂದ. ನಲವತ್ತು ನಿಮಿಷ ಓಡಿಸಿಕೊಂಡು ಹೋದರು. ಮಾಸ್ಕ್ ಹಾಕಿಕೊಂಡು ಹೊರಗೆ ಅರ್ಧ ಗಂಟೆ ಕಾದರು. ಒಳಗೆ ಮೇಜಿನ ಮೇಲೆ ಬಂದ ಕಾಗದದಲ್ಲಿ ಎರಡನೇ ಸ್ಟಿಕರ್ ಒಂದರ ಬೆಲೆ ಸೇರಿತ್ತು. ಕಂಪನಿಯ ಸ್ಟಿಕರ್ ಪಕ್ಕದಲ್ಲಿ ಡೀಲರ್ ತಾನೇ ಅಂಟಿಸಿದ್ದ ಚೀಟಿ, 4,000 ಜಾಸ್ತಿ. "ನೀವು ಸ್ಟಿಕರ್ ಬೆಲೆ ಅಂದ್ರಲ್ಲ?" ಅಂತ ಭಾವ ಕೇಳಿದರು. "ಇದೂ ಸ್ಟಿಕರ್ರೇ ಅಲ್ವಾ ಸಾರ್" ಅನ್ನುವ ಧಾಟಿಯಲ್ಲಿ ಉತ್ತರ ಬಂತು.

ನನಗೆ ಸಿಟ್ಟು ಬರುವುದು ಇಂಥ ಕಡೆ. ಮೇಲೆ ಇಷ್ಟು ಜಾಸ್ತಿ ಬೇಕು ಅಂತ ಮೊದಲ ಮಾತಿನಲ್ಲೇ ಹೇಳುವ ಡೀಲರ್ ಬಗ್ಗೆ ನನಗೆ ತಕರಾರಿಲ್ಲ. ಅದು ಅವನ ವ್ಯಾಪಾರ, ಬೇಡ ಅಂದರೆ ಮುಗಿಯಿತು. ಫೋನಿನಲ್ಲಿ ಒಂದು, ಮೇಜಿನ ಮೇಲೆ ಇನ್ನೊಂದು ಅನ್ನುವುದು ಬೇರೆ. ಜಾಹೀರಾತಿನಲ್ಲಿ ಹಾಕಿದ ಬೆಲೆಗಿಂತ ಜಾಸ್ತಿಗೆ ಮಾರುವಂತಿಲ್ಲ ಅಂತ ಕ್ಯಾಲಿಫೋರ್ನಿಯಾದಲ್ಲಿ ನಿಯಮವಿದೆ. ಆದರೆ ಫೋನಿನ ಮಾತನ್ನು ಜಾಹೀರಾತು ಅಂತ ಸಾಧಿಸುವುದು ಹೇಗೆ? ಎದ್ದು ಬಂದರು. ಹೊರಡುವಾಗ ಸಹಿ ಹಾಕಿ ಮನೆಗೆ ತಗೊಂಡು ಹೋಗಿ ಯೋಚನೆ ಮಾಡಿ ಅಂತ ಬೇರೆ ಹೇಳಿದರಂತೆ. ಹೊಸ ಕಾರನ್ನು ಮೂರು ದಿನದಲ್ಲಿ ವಾಪಸ್ ಕೊಡಬಹುದು ಅಂತ ಬಹಳ ಜನ ನಂಬಿದ್ದಾರೆ. ಅಂಥ ಹಕ್ಕು ಅಲ್ಲಿ ಇಲ್ಲ. ಸಹಿ ಬಿತ್ತು ಅಂದರೆ ಬಿತ್ತು.

ಮೂರನೆಯವನದು ಇನ್ನೊಂದು ಉಪಾಯ. ನಿಜವಾಗಿಯೂ ಸ್ಟಿಕರ್ ಬೆಲೆ, ಅಂಟಿಸಿದ ಚೀಟಿ ಏನೂ ಇಲ್ಲ. ಆದರೆ ಸಾಲ ಅವರ ಮೂಲಕವೇ ತಗೋಬೇಕು, ಬಡ್ಡಿ ನೂರಕ್ಕೆ 5.9. ಭಾವನಿಗೆ ಅವರ ಕ್ರೆಡಿಟ್ ಯೂನಿಯನ್ (ಸಹಕಾರಿ ಬ್ಯಾಂಕಿನಂಥದ್ದು) ಆಗಲೇ ನೂರಕ್ಕೆ ಎರಡೂವರೆ ಬಡ್ಡಿಗೆ ಒಪ್ಪಿತ್ತು. 35,000 ಸಾಲಕ್ಕೆ ಐದು ವರ್ಷದಲ್ಲಿ ಇದರ ವ್ಯತ್ಯಾಸ 3,200 ದಾಟುತ್ತದೆ. ಬೆಲೆಯಲ್ಲಿ ಕಾಣದ ಮಾರ್ಕಪ್ ಕಂತಿನಲ್ಲಿ ಕೂತಿತ್ತು. ತಿಂಗಳಿಗೆ ಎಷ್ಟು ಕಟ್ಟಬಲ್ಲಿರಿ ಅಂತ ಕೇಳಿದ ಡೀಲರ್‌ಗೆ ಉತ್ತರ ಕೊಡಬಾರದು ಅನ್ನುವುದು ಇದಕ್ಕೇ. ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಮಾತು ಬೆಲೆಯಿಂದ ಕಂತಿಗೆ ಜಾರಿಬಿಡುತ್ತದೆ.

ದೂರ ಹೋದಾಗ

ಅಷ್ಟರಲ್ಲಿ ನವೆಂಬರ್ ಬಂತು. ಇನ್ನು ಯಾರ ಷೋರೂಮಿಗೂ ಹೋಗುವುದು ಬೇಡ, ಎಲ್ಲ ಈಮೇಲ್‌ನಲ್ಲೇ ಅಂತ ತೀರ್ಮಾನಿಸಿದರು. ಭಾವ ಒಂದು ಪುಟ್ಟ ಕಾಗದ ಬರೆದರು, ಎಲ್ಲರಿಗೂ ಅದೇ. ಎಸ್‌ಇ ಬೇಕು, ಯಾವ ಬಣ್ಣವಾದರೂ ಸರಿ. ಸಾಲ ನಮ್ಮದು ನಾವು ನೋಡಿಕೊಳ್ಳುತ್ತೇವೆ. ಹಳೆ ಕಾರು ಕೊಡುವುದಿಲ್ಲ. ಕಂಪನಿ ಸ್ಟಿಕರ್ ಬೆಲೆಗೆ, ನೀವು ಸೇರಿಸುವುದು ಏನೂ ಇಲ್ಲದೆ ಕೊಡುವುದಾದರೆ, ತೆರಿಗೆ, ನೋಂದಣಿ, ಕಾಗದಪತ್ರದ ಶುಲ್ಕ ಎಲ್ಲ ಸೇರಿ ಕೊನೆಯ ಮೊತ್ತವನ್ನು ಒಂದೊಂದೇ ಸಾಲಾಗಿ ಬರೆದು ಕಳಿಸಿ. ಇಲ್ಲವಾದರೆ ಇಲ್ಲ ಅಂತ ಒಂದು ಸಾಲು ಸಾಕು, ಬೇಸರವಿಲ್ಲ.

ಕೊನೆಯ ಆ ಸಾಲು ನನಗೆ ಬಹಳ ಇಷ್ಟವಾಯಿತು. 'ಇಲ್ಲ' ಅನ್ನಲು ದಾರಿ ಕೊಟ್ಟಿದ್ದಕ್ಕೇ ಬಹಳ ಜನ ಉತ್ತರಿಸಿದರು ಅಂತ ಕಾಣುತ್ತದೆ. ಬಣ್ಣ ಯಾವುದಾದರೂ ಸರಿ ಅನ್ನುವುದಕ್ಕೆ ಅಕ್ಕನನ್ನು ಒಪ್ಪಿಸಲು ಎರಡು ದಿನ ಹಿಡಿಯಿತು. ಅವಳಿಗೆ ನೀಲಿ ಬೇಕಿತ್ತು.

ಎಲ್ಲ ಸೇರಿದ ಆ ಕೊನೆಯ ಮೊತ್ತಕ್ಕೆ ಅಲ್ಲಿ 'ಔಟ್ ದ ಡೋರ್' ಅನ್ನುತ್ತಾರೆ. ಅದನ್ನು ಬಿಟ್ಟು ಬೇರೆ ಯಾವ ಅಂಕಿಯನ್ನೂ ಹೋಲಿಸಬಾರದು. ಕಾಗದಪತ್ರದ ಶುಲ್ಕಕ್ಕೆ ಕ್ಯಾಲಿಫೋರ್ನಿಯಾದಲ್ಲಿ 85 ಡಾಲರ್ ಮಿತಿ ಇದೆ. ಎಷ್ಟೋ ರಾಜ್ಯಗಳಲ್ಲಿ ಮಿತಿಯೇ ಇಲ್ಲ, ಅಲ್ಲಿ ಡೀಲರ್‌ಗಳು ನೂರಾರು ಡಾಲರ್ ಹಾಕುತ್ತಾರೆ. ಮಾರಾಟ ತೆರಿಗೆ ಗಾಡಿ ನೋಂದಣಿಯಾಗುವ ವಿಳಾಸದ ಪ್ರಕಾರ, ಕೊಂಡ ಊರಿನ ಪ್ರಕಾರ ಅಲ್ಲ. ಹಾಗಾಗಿ ದೂರದ ಊರಿಗೆ ಹೋದರೂ ತೆರಿಗೆ ಲೆಕ್ಕ ಬದಲಾಗಲ್ಲ. ಪಕ್ಕದ ರಾಜ್ಯಗಳನ್ನೂ ಯೋಚಿಸಿದರು. ಅಲ್ಲಿ ಕೊಂಡರೆ ಇನ್ನೊಂದು ಗಂಟು: 7,500 ಮೈಲಿಗಿಂತ ಕಡಿಮೆ ಓಡಿದ ಗಾಡಿಯನ್ನು ಕ್ಯಾಲಿಫೋರ್ನಿಯಾಕ್ಕೆ ತಂದು ನೋಂದಾಯಿಸಬೇಕಾದರೆ ಅದಕ್ಕೆ ಈ ರಾಜ್ಯದ ಹೊಗೆ ನಿಯಮದ ಪ್ರಮಾಣ ಇರಬೇಕು, ಬಾನೆಟ್ ಕೆಳಗಿನ ಚೀಟಿ ನೋಡಬೇಕು. ಅಷ್ಟು ದೂರ ಬೇಡ ಅಂತ ಬಿಟ್ಟರು.

ಸುಮಾರು ಇಪ್ಪತ್ತು ಈಮೇಲ್. ಹೆಚ್ಚಿನವರು ಇಲ್ಲ ಅಂದರು. ಕೆಲವರು ಅಂಕಿ ಬಿಟ್ಟು ಉಳಿದದ್ದೆಲ್ಲ ಬರೆದರು, "ಒಮ್ಮೆ ಬಂದು ನೋಡಿ" ಅಂತ. ಒಬ್ಬರು ಮಾತ್ರ ಕೇಳಿದ್ದಷ್ಟನ್ನೂ ಬರೆದು ಕಳಿಸಿದರು. ಸೆಂಟ್ರಲ್ ವ್ಯಾಲಿಯ ಒಂದು ಊರು, ಎರಡು ಗಂಟೆ ದಾರಿ. ಇಂಟರ್ನೆಟ್ ಮಾರಾಟ ನೋಡಿಕೊಳ್ಳುವ ಒಬ್ಬ ಹೆಂಗಸು. "ನಮ್ಮಲ್ಲಿ ಪಿಕಪ್ ಟ್ರಕ್ ಕೇಳುವವರೇ ಜಾಸ್ತಿ, ಪ್ರೈಮ್‌ಗೆ ನಿಮ್ಮ ಕಡೆಯಷ್ಟು ನೂಕುನುಗ್ಗಲು ಇಲ್ಲ" ಅಂತ ಬರೆದಿದ್ದರು. ಸ್ಟಿಕರ್ ಬೆಲೆ, 500 ಡಾಲರ್ ಮುಂಗಡ, ಬೇಡವೆಂದರೆ ಪೂರ್ತಿ ವಾಪಸ್. ಭಾವ ಆ 'ಪೂರ್ತಿ ವಾಪಸ್' ಅನ್ನುವುದನ್ನು ರಸೀದಿಯ ಮೇಲೂ ಬರೆಸಿಕೊಂಡರು, ಕ್ರೆಡಿಟ್ ಕಾರ್ಡಿನಲ್ಲೇ ಕೊಟ್ಟರು. ಗಾಡಿ ಇನ್ನೂ ಹಡಗಿನಲ್ಲಿತ್ತು, ಆದರೆ ವಿನ್ ನಂಬರ್, ಅಂದರೆ ಒಂದೊಂದು ಗಾಡಿಗೂ ಬೇರೆಯಾಗಿರುವ ಗುರುತಿನ ನಂಬರ್, ಬಂದಿತ್ತು. ಆ ನಂಬರ್ ಇದ್ದರೆ ಗಾಡಿ ನಿಜವಾಗಿ ಇದೆ ಅಂತ ಅರ್ಥ. ಜೆ ಅಕ್ಷರದಿಂದ ಶುರು, ಜಪಾನಿನಲ್ಲಿ ತಯಾರಾದದ್ದು.

ಬೆಳ್ಳಿ ಬಣ್ಣ. ಅಕ್ಕ ಒಂದು ನಿಟ್ಟುಸಿರು ಬಿಟ್ಟಳು.

ಡಿಸೆಂಬರ್ 31 ಅನ್ನುವ ಗುಮ್ಮ

ಹಡಗು ಡಿಸೆಂಬರ್ ಮಧ್ಯದಲ್ಲಿ ಬರಬೇಕಿತ್ತು. ಬರಲಿಲ್ಲ. ಡಿಸೆಂಬರ್ 20ರ ಸುಮಾರಿಗೆ ಎರಡನೆಯ ಡೀಲರ್, ಅದೇ ಚೀಟಿಯವನು, ಫೋನ್ ಮಾಡಿದ. ಒಂದು ನೀಲಿ ಗಾಡಿ ಇದೆ, ಗಿರಾಕಿ ಬಿಟ್ಟುಹೋದರು, ಬರೀ 2,000 ಮೇಲೆ. 31ರೊಳಗೆ ಮನೆಗೆ ಹೋದರೆ ಈ ವರ್ಷದ ತೆರಿಗೆಯಲ್ಲೇ 7,500 ಸಿಗುತ್ತೆ, ಜನವರಿಗೆ ಹೋದರೆ ಇನ್ನೊಂದು ವರ್ಷ ಕಾಯಬೇಕು.

ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ. ವಿನಾಯಿತಿ ಸಿಗುತ್ತಿದ್ದದ್ದು ಗಾಡಿ ಕೈಗೆ ಬಂದು ಬಳಸಲು ಶುರು ಮಾಡಿದ ವರ್ಷಕ್ಕೆ. ನೀಲಿ ಬೇರೆ. ಆ ರಾತ್ರಿ ಅಕ್ಕ ನನಗೆ ಫೋನ್ ಮಾಡಿ "2,000 ತಾನೇ, ತಗೊಂಡುಬಿಡಲಾ?" ಅಂದಳು.

ಭಾವ ಆಗ ತೆರಿಗೆ ಲೆಕ್ಕ ಹಾಕಲು ಕೂತರು. ಅಲ್ಲಿ ಸಿಕ್ಕಿತು ನೋಡಿ ವಿಷಯ. ಈ ಕ್ರೆಡಿಟ್ ನಾವು ಕಟ್ಟಬೇಕಾದ ತೆರಿಗೆಯನ್ನು ಸೊನ್ನೆಗೆ ಇಳಿಸಬಹುದಿತ್ತು, ಅದಕ್ಕಿಂತ ಕೆಳಗೆ ಹೋಗಿ ಕೈಗೆ ದುಡ್ಡು ಕೊಡುತ್ತಿರಲಿಲ್ಲ. ಉಳಿದದ್ದು ಮುಂದಿನ ವರ್ಷಕ್ಕೂ ಹೋಗುತ್ತಿರಲಿಲ್ಲ. ಭಾವನ ಕಂಪನಿ ಆ ವರ್ಷದ ಶುರುವಿನಲ್ಲೇ ಮುಚ್ಚಿತ್ತು, ಹೊಸ ಕೆಲಸ ಸಿಕ್ಕಿದ್ದು ನವೆಂಬರ್‌ನಲ್ಲಿ. ಒಂದೇ ಸಂಬಳದ ವರ್ಷ. 2020ಕ್ಕೆ ಇಬ್ಬರ ಫೆಡರಲ್ ತೆರಿಗೆ ಒಟ್ಟು 5,200 ಆಸುಪಾಸು ಬರುತ್ತಿತ್ತು. ಅಂದರೆ ಡಿಸೆಂಬರ್‌ನಲ್ಲಿ ಗಾಡಿ ತಂದಿದ್ದರೆ 7,500ರಲ್ಲಿ 2,300 ಗಾಳಿಗೆ. ಜನವರಿಯಲ್ಲಿ ತಂದರೆ, ಇಬ್ಬರೂ ದುಡಿಯುವ 2021ರ ತೆರಿಗೆಯಲ್ಲಿ ಪೂರ್ತಿ ದಕ್ಕುತ್ತದೆ.

ಇಲ್ಲಿ ಬಹಳ ಜನ ಎಡವುತ್ತಿದ್ದರು. "ನನಗೆ ಪ್ರತಿ ವರ್ಷ ರೀಫಂಡ್ ಬರುತ್ತೆ, ಹಾಗಾದ್ರೆ ಈ ಕ್ರೆಡಿಟ್ ಸಿಗಲ್ಲ" ಅಂತ ನನ್ನ ಗೆಳೆಯನೊಬ್ಬ ವಾದಿಸಿದ್ದ. ರೀಫಂಡ್‌ಗೂ ಇದಕ್ಕೂ ಸಂಬಂಧವಿರಲಿಲ್ಲ. ಸಂಬಳದಲ್ಲಿ ಎಷ್ಟು ಮುರಿದರು ಅನ್ನುವುದಲ್ಲ, ವರ್ಷಕ್ಕೆ ಒಟ್ಟು ಎಷ್ಟು ತೆರಿಗೆ ಬಿತ್ತು ಅನ್ನುವುದು ಲೆಕ್ಕವಾಗಿತ್ತು. ಹಿಂದಿನ ವರ್ಷದ ರಿಟರ್ನ್ ತೆಗೆದು ಒಂದು ಸಾಲು ನೋಡಿದರೆ ಅಂದಾಜು ಸಿಗುತ್ತಿತ್ತು. ಗಾಡಿಯನ್ನು ಲೀಸ್‌ಗೆ ತಗೊಂಡರೆ ಮಾತ್ರ ಕಥೆ ಬೇರೆ, ಆಗ ಕ್ರೆಡಿಟ್ ಲೀಸ್ ಕೊಟ್ಟ ಕಂಪನಿಗೆ ಹೋಗುತ್ತಿತ್ತು. ಕಂತಿನಲ್ಲಿ ಅದನ್ನು ಇಳಿಸಿದ್ದಾರಾ ಅಂತ ಕೇಳಬೇಕಿತ್ತು.

ಆಗ ಇನ್ನೊಂದು ಭಯವೂ ಇತ್ತು. ಒಂದು ಕಂಪನಿ ಅಮೆರಿಕದಲ್ಲಿ 2,00,000 ಪ್ಲಗ್-ಇನ್ ಗಾಡಿ ಮಾರಿದ ಮೇಲೆ ಈ ಕ್ರೆಡಿಟ್ ಹಂತ ಹಂತವಾಗಿ ಇಳಿಯುತ್ತಿತ್ತು. ಟೊಯೊಟಾ ಆ ಅಂಕಿಯಿಂದ ಆಗ ಸಾಕಷ್ಟು ದೂರವಿತ್ತು. ಅದು ಮುಟ್ಟಿದ್ದು 2022ರ ಮಧ್ಯದಲ್ಲಿ. ಹಾಗಾಗಿ ಜನವರಿಗೆ ಕಾದರೆ ಏನೂ ಕಳೆದುಹೋಗುತ್ತಿರಲಿಲ್ಲ.

2,000, ಅದರ ಮೇಲೆ ತೆರಿಗೆ, ಕಳೆದುಹೋಗುವ 2,300. ಎಲ್ಲ ಸೇರಿ 4,500. ನೀಲಿ ಬಣ್ಣಕ್ಕೆ ಅದು ದುಬಾರಿ ಅಂತ ಅಕ್ಕನೇ ಹೇಳಿದಳು.

ಸಹಿಯ ದಿನ

ಜನವರಿ ಎರಡನೇ ವಾರ ಗಾಡಿ ಬಂತು. ಸೆಂಟ್ರಲ್ ವ್ಯಾಲಿಗೆ ಮೂವರೂ ಹೋದೆವು, ಕರೋಲಾದಲ್ಲಿ. ಕಿಟಕಿಯ ಸ್ಟಿಕರ್ ಈಮೇಲ್‌ನಲ್ಲಿ ಬಂದ ಫೋಟೋಗೆ ಸರಿಯಾಗಿ ಹೊಂದಿತು. ಆ ಹೆಂಗಸು ಮಾತಿಗೆ ತಕ್ಕ ಹಾಗೆ ನಡೆದುಕೊಂಡರು. ಆದರೆ ಸಹಿ ಹಾಕಿಸುವ ಫೈನಾನ್ಸ್ ಕೋಣೆಯಲ್ಲಿ ಬೇರೆಯವರು ಕೂತಿರುತ್ತಾರೆ.

ಅವರ ಕಾಗದದಲ್ಲಿ ಎರಡು ಹೊಸ ಸಾಲು. ಒಂದು, ಬಣ್ಣದ ಮೇಲಿನ ಲೇಪನ, 1,495. ಇನ್ನೊಂದು, 'ಡೀಲರ್ ರಿಯಾಯಿತಿ', ಮೈನಸ್ 1,500. "ಲೇಪನ ನಿಮಗೆ ಫ್ರೀ ಬಿದ್ದ ಹಾಗಾಯ್ತು" ಅಂತ ಅವರ ನಗು. ಅಕ್ಟೋಬರ್ ಹಾಳೆಯ ಆಟವೇ, ಅಂಕಿ ಮಾತ್ರ ಬೇರೆ.

ಭಾವ ಆ 1,500 ಯಾವುದು ಅಂತ ಗುರುತು ಹಿಡಿದರು. 2020ರ ನವೆಂಬರ್ 17ರಿಂದ ಕ್ಯಾಲಿಫೋರ್ನಿಯಾದಲ್ಲಿ ಕ್ಲೀನ್ ಫ್ಯುಯೆಲ್ ರಿವಾರ್ಡ್ ಅಂತ ಒಂದು ಯೋಜನೆ ಶುರುವಾಗಿತ್ತು. ವಿದ್ಯುತ್ ಕಂಪನಿಗಳ ಕಡೆಯಿಂದ ಬರುವ ದುಡ್ಡು, ಗಿರಾಕಿಗೆ ಬಿಲ್ಲಿನಲ್ಲೇ ಕಳೆದು ಕೊಡಬೇಕಿತ್ತು, ಡೀಲರ್ ಆಮೇಲೆ ಪಡೆದುಕೊಳ್ಳುತ್ತಿದ್ದ. 16 ಕಿಲೋವ್ಯಾಟ್-ಅವರ್ ದಾಟಿದ ಬ್ಯಾಟರಿಗೆ ಪೂರ್ತಿ 1,500. ಡೀಲರ್‌ನ ಕೈಯಿಂದ ಒಂದು ಪೈಸೆ ಇಲ್ಲ. "ಅದು ನಿಮ್ಮ ರಿಯಾಯಿತಿ ಅಲ್ಲ, ಆ ಸಾಲಿಗೆ ಅದರ ಸರಿಯಾದ ಹೆಸರು ಬರೆಯಿರಿ. ಲೇಪನ ತೆಗೆಯಿರಿ" ಅಂದರು. ದನಿ ಏರಿಸಲಿಲ್ಲ. ಈಮೇಲ್‌ನ ಪ್ರಿಂಟ್ ಮೇಜಿನ ಮೇಲಿಟ್ಟರು. ಐದು ನಿಮಿಷ ಕಂಪ್ಯೂಟರ್ ಕುಟ್ಟುವ ಸದ್ದು. ಹೊಸ ಕಾಗದ ಬಂತು.

ಎಲ್ಲ ಸೇರಿ 43,900, ಅದರಲ್ಲಿ 1,500 ಅಲ್ಲೇ ಕಳೆದು 42,400. ರಾಜ್ಯದ ಇನ್ನೊಂದು ಸಹಾಯಧನ 1,000 ಡಾಲರ್, ಅದಕ್ಕೆ ನಾವೇ ಅರ್ಜಿ ಹಾಕಬೇಕಿತ್ತು. ಭಾವ ಆ ವಾರವೇ ಹಾಕಿದರು. ಕಾರ್‌ಪೂಲ್ ಲೇನ್‌ನಲ್ಲಿ (ಒಬ್ಬರಿಗಿಂತ ಹೆಚ್ಚು ಜನ ಕೂತ ಕಾರುಗಳಿಗೆ ಮೀಸಲಾದ ಸಾಲು) ಒಬ್ಬಳೇ ಓಡಿಸಲು ಆಗ ಕೊಡುತ್ತಿದ್ದ ಸ್ಟಿಕರ್‌ಗೂ ಅರ್ಜಿ ಹಾಕಿದರು. ಬೆಳಗಿನ ಡಂಬಾರ್ಟನ್ ಸೇತುವೆಯಲ್ಲಿ ಅಕ್ಕನಿಗೆ ಎಲ್ಲಕ್ಕಿಂತ ಖುಷಿ ಕೊಟ್ಟದ್ದು ಅದೇ. 7,500 ಪೂರ್ತಿ, 2022ರ ವಸಂತದಲ್ಲಿ ರಿಟರ್ನ್ ಸಲ್ಲಿಸಿದಾಗ ಬಂತು. ಕೊನೆಗೆ ಗಾಡಿ ಬಿದ್ದದ್ದು ಸುಮಾರು 33,900ಕ್ಕೆ.

ನಾವು ಗೆದ್ದೆವು ಅಂತ ನಾನು ಹೇಳುವುದಿಲ್ಲ. ಯಾರೂ ನಮಗೆ ಒಂದು ಡಾಲರ್ ಇಳಿಸಲಿಲ್ಲ. ಮೂರು ತಿಂಗಳು ಕಾದದ್ದು, ಇಪ್ಪತ್ತು ಈಮೇಲ್, ನಾಲ್ಕು ಗಂಟೆ ಡ್ರೈವ್, ಬೇಡದ ಬಣ್ಣ, ಇಷ್ಟು ಕೊಟ್ಟು ಕೊಂಡದ್ದು ಬರೆದ ಬೆಲೆಗೆ ಗಾಡಿ. ಕರೋಲಾ ಇಲ್ಲದಿದ್ದರೆ ಮೊದಲ ವಾರವೇ ಅಕ್ಕ ಆ 54,300ರ ಹಾಳೆಗೆ ಸಹಿ ಹಾಕುತ್ತಿದ್ದಳು. ಅದನ್ನು ಅವಳೇ ಹೇಳುತ್ತಾಳೆ. ನಾವು ಹುಡುಕಿದ ಸಮಯವೂ ಒಳ್ಳೆಯದಿತ್ತು. 2021ರಲ್ಲಿ ಚಿಪ್ ಕೊರತೆ ಶುರುವಾದ ಮೇಲೆ ಸ್ಟಿಕರ್ ಬೆಲೆಗೆ ಈ ಗಾಡಿ ಸಿಗುವುದು ಇನ್ನೂ ಕಷ್ಟವಾಯಿತು. 2022ರ ಆಗಸ್ಟ್ 16ರಂದು ಹೊಸ ಕಾನೂನಿಗೆ ಸಹಿ ಬಿತ್ತು. ಆ ಕ್ರೆಡಿಟ್ ಬೇಕಾದರೆ ಗಾಡಿಯ ಅಂತಿಮ ಜೋಡಣೆ ಉತ್ತರ ಅಮೆರಿಕದಲ್ಲೇ ಆಗಿರಬೇಕು ಅಂತ ನಿಯಮ ಬಂತು. ವಿನ್ ನಂಬರಿನ ಮೊದಲ ಜೆ ನೋಡಿ ನಾವು ನಿಶ್ಚಿಂತರಾಗಿದ್ದೆವಲ್ಲ, ಅದಾದ ಮೇಲೆ ಕೊಂಡವರಿಗೆ 7,500 ತಪ್ಪಿಸಿದ್ದು ಅದೇ ಜೆ.

2022ರ ಬೇಸಿಗೆಯಲ್ಲಿ ಅಕ್ಕನ ಮನೆಗೆ ಒಂದು ಕಾಗದ ಬಂತು, ಮೊದಲ ಡೀಲರ್‌ನದು. ನಿಮ್ಮ ರಾವ್4 ಪ್ರೈಮ್ ನಮಗೆ ಮಾರಿ, ಒಳ್ಳೆಯ ಬೆಲೆ ಕೊಡುತ್ತೇವೆ ಅಂತ. ಫೋನ್ ಮಾಡಿ ಕೇಳಿದರೆ 44,000 ಅಂದರು. ಹದಿನೆಂಟು ತಿಂಗಳು ಓಡಿಸಿದ ಗಾಡಿಗೆ, ಹೊಸದರ ಸ್ಟಿಕರ್‌ಗಿಂತ ಜಾಸ್ತಿ. ಕೊಟ್ಟರೆ ಅಕ್ಕ ಇನ್ನೊಂದನ್ನು ಎಲ್ಲಿ ಹುಡುಕುತ್ತಾಳೆ? ಕಾಗದ ದಪ್ಪಗಿತ್ತು, ಒಂದು ಬದಿ ಖಾಲಿ. ಅವಳು ಅದರ ಹಿಂದೆ ದಿನಸಿ ಪಟ್ಟಿ ಬರೆದುಕೊಂಡಳು.